ಎಸ್‌ಎಸ್‌ಬಿ ಸಂದರ್ಶನ: ಬ್ಯಾಕ್‌ಲಾಗ್, ಗ್ಯಾಪ್, ಎರಡನೇ ಅಟೆಂಪ್ಟ್ ಬಗ್ಗೆ ಕೆದಕಿ ಕೇಳಿದರೆ ಏನು ಹೇಳೋದು?

ಹೊಸಹೆಜ್ಜೆ
ಎಲ್ಲರಿಗೂ ನಮಸ್ಕಾರ. ಸೇನಾಧಿಕಾರಿ ಆಗೋಕೆ ಬರೆಯೋ ಸಿಡಿಎಸ್ ಲಿಖಿತ ಪರೀಕ್ಷೆ ಪಾಸಾಗಿದೆ, ಮುಂದಿನದು ಎಸ್‌ಎಸ್‌ಬಿ, ಅಂದರೆ ಸೇನೆಯ ಆಯ್ಕೆ ಮಂಡಳಿ. ಓಟಿಎ (ಅಧಿಕಾರಿಗಳ ತರಬೇತಿ ಅಕಾಡೆಮಿ) ಎಂಟ್ರಿ, ಬೆಂಗಳೂರು ಸೆಂಟರ್, ರಿಪೋರ್ಟ್ ಮಾಡಿಕೊಳ್ಳೋಕೆ ಇನ್ನು 38 ದಿನ ಇದೆ. ಪಿಐಕ್ಯೂ (ವೈಯಕ್ತಿಕ ವಿವರದ ಫಾರಂ) ತುಂಬಿ ನೋಡಿದರೆ ನಾಲ್ಕು ಕಡೆ ತೊಡಕು ಕಾಣ್ತಿದೆ. ಎಸ್‌ಎಸ್‌ಎಲ್‌ಸಿಯಲ್ಲಿ 91%, ಪಿಯುಸಿಯಲ್ಲಿ 62%. ಬಿಇ ಮೂರನೇ ಸೆಮಿಸ್ಟರ್‌ನಲ್ಲಿ ಮ್ಯಾಥ್ಸ್ ಬ್ಯಾಕ್‌ಲಾಗ್. ಡಿಗ್ರಿ ಆದಮೇಲೆ ಒಂದು ವರ್ಷ ಗ್ಯಾಪ್. ಇದು ಎರಡನೇ ಅಟೆಂಪ್ಟ್, ಹಿಂದಿನದರಲ್ಲಿ ಕಾನ್ಫರೆನ್ಸ್ ಔಟ್, ಅಂದರೆ ಕೊನೆಯ ದಿನದವರೆಗೆ ಹೋಗಿ ಆಯ್ಕೆ ಆಗಲಿಲ್ಲ. ಊರು ಮಂಡ್ಯ ಜಿಲ್ಲೆ, ಅಪ್ಪ ರೈತರು, 10ನೇ ತರಗತಿವರೆಗೆ ಕನ್ನಡ ಮೀಡಿಯಂ. "ಸೈನ್ಯಕ್ಕೆ ಯಾಕೆ ಸೇರ್ತೀರಿ" ಅನ್ನೋದಕ್ಕೆ ಎಲ್ಲ ಕಡೆ ಉತ್ತರ ಸಿಗುತ್ತೆ. ನನಗೆ ಬೇಕಿರೋದು ಈ ನಾಲ್ಕು ಜಾಗದಲ್ಲಿ ಐಓ (ಸಂದರ್ಶನ ಮಾಡೋ ಅಧಿಕಾರಿ) ಕೆದಕಿದಾಗ ನಿಲ್ಲೋದು ಹೇಗೆ ಅನ್ನೋದು.

ಮೂರನೇಸಾಲು
ತಮ್ಮಾ, ನಿಮ್ಮ ಪ್ರಶ್ನೆಪತ್ರಿಕೆ ಆಗಲೇ ಕೈಗೆ ಬಂದಿದೆ, ಅದೇ ಪಿಐಕ್ಯೂ. ಐಓ ಮುಂದೆ ಇರುವುದು ಆ ಹಾಳೆ. ಅದರಲ್ಲಿ ಇರುವ ಕಲಂಗಳು: ಹೆಚ್ಚು ಕಾಲ ವಾಸವಿದ್ದ ಊರು ಮತ್ತು ಅದರ ಜನಸಂಖ್ಯೆ, ತಂದೆ ತಾಯಿಯ ವಿದ್ಯೆ, ಉದ್ಯೋಗ, ಆದಾಯ, ಒಡಹುಟ್ಟಿದವರು, 10ನೇ ತರಗತಿಯಿಂದ ಅಂಕಗಳು, ಎನ್‌ಸಿಸಿ, ಆಟ, ಹವ್ಯಾಸ, ವಹಿಸಿದ ಜವಾಬ್ದಾರಿಗಳು, ಹಿಂದಿನ ಎಸ್‌ಎಸ್‌ಬಿ ವಿವರ. ಕಷ್ಟದ ಪ್ರಶ್ನೆ ಹೊರಗಿನಿಂದ ಬರುವುದು ಕಡಿಮೆ, ಈ ಕಲಂಗಳ ಒಳಗಿಂದ ಬರುವುದೇ ಹೆಚ್ಚು.

ಖಾಲಿ ಫಾರಂ ಒಂದನ್ನು ಪ್ರಿಂಟ್ ಹಾಕಿಸಿ, ಪೆನ್ನಿನಲ್ಲಿ ತುಂಬಿ. ಪಕ್ಕದಲ್ಲಿ ನೋಟ್‌ಬುಕ್ ಇಟ್ಟು ಪ್ರತಿ ಕಲಂಗೂ ನಾಲ್ಕು ಮೆಟ್ಟಿಲು ಇಳಿಯಿರಿ: ಎಷ್ಟು, ಯಾಕೆ, ಹೇಗೆ, ಆಮೇಲೆ ಏನಾಯಿತು. ಮೊದಲನೇ ಮೆಟ್ಟಿಲಿಗೆ ಎಲ್ಲರ ಬಳಿ ಉತ್ತರ ಇರುತ್ತದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಬಹಳ ಜನ ತಡವರಿಸುತ್ತಾರೆ.

ನಿಮ್ಮದೇ ಕಲಂ ತೆಗೆದುಕೊಳ್ಳೋಣ. ತಂದೆಯ ಉದ್ಯೋಗ: ಕೃಷಿ. ಐಓ ಕೇಳುವ ಸರಣಿ ಹೀಗಿರಬಹುದು. ಎಷ್ಟು ಎಕರೆ? ನೀರಾವರಿಯೋ ಖುಷ್ಕಿಯೋ? ಕಬ್ಬಾದರೆ ಎಕರೆಗೆ ಎಷ್ಟು ಟನ್ ಬರುತ್ತದೆ? ನಾಟಿ ಯಾವಾಗ, ಕಡಿಯುವುದು ಎಷ್ಟು ತಿಂಗಳಿಗೆ? ಕಾರ್ಖಾನೆ ದುಡ್ಡು ಯಾವಾಗ ಕೊಟ್ಟಿತು? ಕಳೆದ ವರ್ಷ ಖರ್ಚು ಕಳೆದು ಎಷ್ಟು ಉಳಿಯಿತು? ನೀರು ಕಡಿಮೆ ಬಂದ ವರ್ಷ ಅಪ್ಪ ಏನು ಮಾಡಿದರು? ಆ ವರ್ಷ ನೀವೇನು ಮಾಡಿದಿರಿ?

ಕೊನೆಯ ಪ್ರಶ್ನೆಯೇ ನಿಜವಾದ ಪ್ರಶ್ನೆ. ಅದರ ಹಿಂದಿನವೆಲ್ಲ ಅಲ್ಲಿಗೆ ಕರೆದುಕೊಂಡು ಹೋಗುವ ದಾರಿ. ಮನೆಯ ಹೊಲದ ಲೆಕ್ಕ ಗೊತ್ತಿಲ್ಲದ ಮಗ ಪಿಐಕ್ಯೂನಲ್ಲಿ "ಸೆನ್ಸ್ ಆಫ್ ರೆಸ್ಪಾನ್ಸಿಬಿಲಿಟಿ ಇದೆ" ಎಂದು ಹೇಳಿಕೊಂಡರೆ ನಿಲ್ಲುವುದಿಲ್ಲ. ಈ ವಾರವೇ ಅಪ್ಪನ ಜೊತೆ ಒಂದು ಸಂಜೆ ಕೂತು ಗೊಬ್ಬರ, ಕೂಲಿ, ಸಾಗಣೆ, ಸಾಲ, ಬಡ್ಡಿ ಎಲ್ಲವನ್ನೂ ಬರೆದುಕೊಳ್ಳಿ. ನಾಟಕಕ್ಕಾಗಿ ಬೇಡ, ತಿಳಿದುಕೊಳ್ಳಬೇಕಾದ್ದೇ ಅದು.

ಚೆಸ್ಟ್ ನಂಬರ್ 14
ಮೂರನೇಸಾಲು ಸರ್ ಹೇಳಿದ್ದಕ್ಕೆ ಸೇರಿಸ್ತೀನಿ. ಅತಿ ಹೆಚ್ಚು ಜನ ಎಡವೋದು ಸಿಐಕ್ಯೂನಲ್ಲಿ, ಅಂದರೆ ಒಟ್ಟಿಗೆ ಕೇಳೋ ಪ್ರಶ್ನೆಗಳ ಸರಣಿಯಲ್ಲಿ. ಒಂದೇ ಉಸಿರಿಗೆ ಎಂಟು, ಹತ್ತು, ಕೆಲವು ಸಲ ಹದಿನೈದು ಪ್ರಶ್ನೆ ಸುರೀತಾರೆ. ಉದಾಹರಣೆಗೆ: "10ನೇ ತರಗತಿಯಿಂದ ಇಲ್ಲಿವರೆಗಿನ ಅಂಕ ಹೇಳಿ, ಏರಿಳಿತಕ್ಕೆ ಕಾರಣ ಏನು, ಇಷ್ಟದ ಸಬ್ಜೆಕ್ಟ್ ಯಾವುದು, ಇಷ್ಟವಿಲ್ಲದ್ದು ಯಾವುದು, ಯಾವ ಟೀಚರ್ ಇಷ್ಟ, ಯಾರು ಇಷ್ಟವಿಲ್ಲ, ಯಾಕೆ, ಶಾಲೇಲಿ ಯಾವ ಜವಾಬ್ದಾರಿ ಹೊತ್ತಿದ್ರಿ, ಪಠ್ಯೇತರ ಚಟುವಟಿಕೆ ಏನು, ಸ್ನೇಹಿತರು ಯಾರು." ಸಾಮಾನ್ಯವಾಗಿ ಮೊದಲ ಸರಣಿ ಓದಿನ ಬಗ್ಗೆ, ಆಮೇಲೆ ಮನೆ, ಆಮೇಲೆ ಗೆಳೆಯರು, ಆಟ, ದಿನಚರಿ.

ಎಲ್ಲಾನೂ ಪದಶಃ ನೆನಪಿಡೋಕೆ ಹೋದರೆ ಐದನೇದರ ಹೊತ್ತಿಗೆ ಮೊದಲನೇದು ಮರೆತಿರುತ್ತೆ. ಕೇಳೋವಾಗ ಪ್ರಶ್ನೆಗಳನ್ನ ಗುಂಪು ಕಟ್ಟಿಕೊಳ್ಳಿ: ಅಂಕ, ಸಬ್ಜೆಕ್ಟ್, ಟೀಚರ್, ಜವಾಬ್ದಾರಿ, ಗೆಳೆಯರು. ಐದು ಗುಂಪು, ಐದು ಬೆರಳು. ಕೈ ತೊಡೆ ಮೇಲೇ ಇರಲಿ, ಹೆಬ್ಬೆರಳು ಒಂದೊಂದು ಬೆರಳನ್ನ ಮುಟ್ಟುತ್ತಾ ಹೋದರೆ ಸಾಕು, ಯಾರಿಗೂ ಕಾಣಲ್ಲ. ಉತ್ತರವನ್ನೂ ಅದೇ ಕ್ರಮದಲ್ಲಿ ಕೊಡಿ. ಮಧ್ಯೆ ಒಂದು ಮರೆತುಹೋದರೆ ಗೊತ್ತಿರೋದನ್ನ ಮುಗಿಸಿ "ಒಂದೆರಡು ಪ್ರಶ್ನೆ ಬಿಟ್ಟಿರಬಹುದು ಸರ್, ದಯವಿಟ್ಟು ನೆನಪಿಸ್ತೀರಾ" ಅಂತ ಕೇಳಬಹುದು, ತಪ್ಪೇನಿಲ್ಲ. ತಪ್ಪಾಗೋದು ನಡುವೆ ನಿಂತು ಛಾವಣಿ ನೋಡಿದಾಗ.

ಇನ್ನೊಂದು. ಸಿಐಕ್ಯೂನಲ್ಲಿ ಕಷ್ಟದ ಪ್ರಶ್ನೆ ಸುಲಭದವುಗಳ ನಡುವೆ ಅವಿತಿರುತ್ತೆ. "ಯಾರು ಇಷ್ಟವಿಲ್ಲ, ಯಾಕೆ" ಅನ್ನೋದನ್ನ ಬೇಕಂತಲೇ ಬಿಟ್ಟು ಮುಂದೆ ಹೋದರೆ ಅದು ಅವರ ಗಮನಕ್ಕೆ ಬಂದೇ ಬರುತ್ತೆ, ಮತ್ತೆ ಅಲ್ಲಿಗೇ ಬರ್ತಾರೆ.

ಹೊಸಹೆಜ್ಜೆ
ಬ್ಯಾಕ್‌ಲಾಗ್ ಬಗ್ಗೆ ಕೇಳಿದರೆ "ಆಗ ಟೈಫಾಯ್ಡ್ ಆಗಿತ್ತು" ಅಂತ ಹೇಳು ಅಂತ ಕೋಚಿಂಗ್‌ನಲ್ಲಿ ಸಲಹೆ ಕೊಟ್ಟರು. ಅದು ನಿಜ ಅಲ್ಲ. ಇನ್ನೊಬ್ಬರು ಕಾಲೇಜು ಸರಿ ಇರಲಿಲ್ಲ ಅನ್ನು ಅಂದರು.

ಮೂರನೇಸಾಲು
ಎರಡೂ ಬೇಡ. ಕಾಯಿಲೆ ಎಂದ ತಕ್ಷಣ ಮುಂದಿನ ಪ್ರಶ್ನೆಗಳು: ಯಾವ ತಿಂಗಳು, ಎಷ್ಟು ದಿನ ಆಸ್ಪತ್ರೆ, ಅದೇ ಸೆಮಿಸ್ಟರ್‌ನಲ್ಲಿ ಉಳಿದ ಸಬ್ಜೆಕ್ಟ್‌ಗಳಲ್ಲಿ ಹೇಗೆ ಪಾಸಾದಿರಿ, ಮೆಡಿಕಲ್ ಬೋರ್ಡಿಗೆ ಇದನ್ನು ಹೇಳುತ್ತೀರಾ? ನಾಲ್ಕನೆಯದಕ್ಕೆ ಸಿಕ್ಕಿಬೀಳುತ್ತೀರಿ. ಒಂದು ಸುಳ್ಳು ಹಿಡಿದರೆ ಅದರ ನಂತರ ನೀವು ಹೇಳುವ ನಿಜಕ್ಕೂ ತೂಕ ಇರುವುದಿಲ್ಲ. ಕಾಲೇಜಿನ ಮೇಲೆ ಹಾಕಿದರೆ "ಅದೇ ಕಾಲೇಜಿನಲ್ಲಿ ಬೇರೆಯವರು ಪಾಸಾದರಲ್ಲ" ಎಂಬ ಒಂದೇ ಮಾತು ಸಾಕು.

ಉತ್ತರಕ್ಕೆ ಮೂರು ವಾಕ್ಯ ಸಾಕು. ಏನಾಯಿತು, ಅಂಕಿ ಸಮೇತ. ನನ್ನ ಕಡೆಯಿಂದ ಏನು ತಪ್ಪಿತು. ಅದಕ್ಕೆ ಏನು ಮಾಡಿದೆ, ಫಲ ಏನು. ಅಲ್ಲಿಗೆ ಬಾಯಿ ಮುಚ್ಚಬೇಕು. ಮಾದರಿಗೆ: "ಮೂರನೇ ಸೆಮಿಸ್ಟರ್ ಮ್ಯಾಥ್ಸ್‌ನಲ್ಲಿ ಫೇಲ್ ಆದೆ ಸರ್. ಲೆಕ್ಕ ಕೈಯಿಂದ ಬಿಡಿಸದೆ ಪರಿಹಾರ ಓದಿಕೊಂಡು ಹೋಗಿದ್ದೆ. ಮುಂದಿನ ಸಲ ದಿನಕ್ಕೆ ಒಂದು ಗಂಟೆ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ ಪಾಸಾದೆ, ನಾಲ್ಕನೇ ಸೆಮಿಸ್ಟರ್ ಮ್ಯಾಥ್ಸ್ ಮೊದಲ ಸಲಕ್ಕೇ ಆಯಿತು." ಇಪ್ಪತ್ತು ಸೆಕೆಂಡ್. ಇದರಲ್ಲಿ ನಿಮ್ಮ ನಿಜವಾದ ಅಂಕಿ, ನಿಜವಾದ ಕಾರಣ ಇರಬೇಕು. ನನ್ನ ವಾಕ್ಯ ಬಾಯಿಪಾಠ ಮಾಡಬೇಡಿ.

ಜನ ಕೆಡಿಸಿಕೊಳ್ಳುವುದು ನಾಲ್ಕನೇ ವಾಕ್ಯದಲ್ಲಿ. ಐಓ ಸುಮ್ಮನೆ ನೋಡುತ್ತಿರುತ್ತಾರೆ, ಆ ಮೌನ ತಡೆಯಲಾಗದೆ "ಆದರೆ ಸರ್ ಆ ಪೇಪರ್ ಕೂಡ ಕಷ್ಟ ಇತ್ತು" ಎಂದು ಸೇರಿಸುತ್ತಾರೆ. ಅದುವರೆಗೆ ಹೇಳಿದ್ದೆಲ್ಲ ನೀರಲ್ಲಿ ಹೋಮ. ಮುಗಿದ ಮೇಲೆ ಎರಡು ಮೂರು ಸೆಕೆಂಡ್ ಮೌನವಾಗಿ ಕೂರುವುದನ್ನೂ ಅಭ್ಯಾಸ ಮಾಡಿ.

ಗುಡ್ಡದಹಾದಿ
91ರಿಂದ 62ಕ್ಕೆ ಇಳಿದದ್ದಕ್ಕೂ ಇದೇ ಸೂತ್ರ. ಕನ್ನಡ ಮೀಡಿಯಂನಿಂದ ಇಂಗ್ಲಿಷ್‌ನಲ್ಲಿ ಸೈನ್ಸ್‌ಗೆ ಹೋದದ್ದು ನಿಜವಾದ ಕಾರಣವಾದರೆ ಹೇಳಿ, ಸಂಕೋಚ ಬೇಡ. ಆದರೆ ಅಲ್ಲಿಗೇ ನಿಂತರೆ ನೆಪ ಅನ್ನಿಸುತ್ತದೆ. ಆ ಎರಡು ವರ್ಷದಲ್ಲಿ ಭಾಷೆ ದಾಟಲು ಏನು ಮಾಡಿದಿರಿ ಅನ್ನುವುದು ಉತ್ತರದ ಮುಖ್ಯ ಭಾಗ.

ಗ್ಯಾಪ್ ವರ್ಷದ ಬಗ್ಗೆ: "ಸಿಡಿಎಸ್‌ಗೆ ತಯಾರಿ ಮಾಡುತ್ತಿದ್ದೆ" ಎಂದರೆ 365 ದಿನಕ್ಕೆ ಸಾಲುವುದಿಲ್ಲ. ಓದಿದ್ದು ದಿನಕ್ಕೆ ಐದು ಗಂಟೆ ಅಂದುಕೊಂಡರೂ ಉಳಿದ ಹೊತ್ತು ಎಲ್ಲಿ ಹೋಯಿತು? ತಿಂಗಳವಾರು ಒಂದು ಪಟ್ಟಿ ಮಾಡಿ. ಹೊಲದ ಕೆಲಸ ಮಾಡಿದ್ದರೆ ಯಾವ ಕೆಲಸ, ಟ್ಯೂಷನ್ ಹೇಳಿದ್ದರೆ ಎಷ್ಟು ಮಕ್ಕಳಿಗೆ, ಓಡಿದ್ದರೆ ಎಷ್ಟು ಕಿಲೋಮೀಟರ್. ಏನೂ ಮಾಡದ ತಿಂಗಳು ಇದ್ದರೆ ಅದನ್ನೂ ಒಪ್ಪಿಕೊಳ್ಳಿ. ಇನ್ನೂ 38 ದಿನ ಇದೆ, ಈಗ ಶುರು ಮಾಡುವ ಕೆಲಸವೂ "ಸದ್ಯ ಏನು ಮಾಡುತ್ತಿದ್ದೀರಿ" ಎಂಬ ಪ್ರಶ್ನೆಗೆ ನಿಜವಾದ ಉತ್ತರವೇ.

ಎರಡನೇ ಅಟೆಂಪ್ಟ್ ಬಗ್ಗೆ. ಮುಚ್ಚಿಡುವ ಯೋಚನೆ ಬರಲೇಬಾರದು, ದಾಖಲೆ ಅವರ ಬಳಿ ಇದೆ. "ಹಿಂದಿನ ಸಲ ಯಾಕೆ ಆಗಲಿಲ್ಲ ಅಂದುಕೊಂಡಿದ್ದೀರಿ" ಎಂದು ಕೇಳಿಯೇ ಕೇಳುತ್ತಾರೆ. "ಗೊತ್ತಿಲ್ಲ ಸರ್" ಎಂಬ ಉತ್ತರ ಇಲ್ಲಿ ಕೆಟ್ಟದ್ದು, ಕಾರಣ ಬೋರ್ಡ್ ತಿಳಿಸದಿದ್ದರೂ ನೀವು ಯೋಚಿಸಿಯೇ ಇಲ್ಲ ಅಂತಾಗುತ್ತದೆ. "ಅದೃಷ್ಟ ಇರಲಿಲ್ಲ" ಅದಕ್ಕಿಂತ ಕೆಟ್ಟದ್ದು. ಒಂದು ಕೊರತೆ ಹೆಸರಿಸಿ, ಅದು ಎಲ್ಲಿ ಕಂಡಿತು ಹೇಳಿ, ಆಮೇಲೆ ಬದಲಾದದ್ದನ್ನು ಅಳತೆ ಸಮೇತ ಹೇಳಿ. ಗ್ರೂಪ್ ಡಿಸ್ಕಷನ್‌ನಲ್ಲಿ ಎರಡು ಸಲ ಮಾತ್ರ ಬಾಯಿ ತೆರೆದಿರಾ? ಹಾಗಾದರೆ ಈ ನಡುವೆ ಎಲ್ಲಿ, ಎಷ್ಟು ಜನರ ಮುಂದೆ, ಯಾವ ವಿಷಯ ಮಾತಾಡಿದಿರಿ? ಅಳತೆ ಇಲ್ಲದ "ಈಗ ಕಾನ್ಫಿಡೆನ್ಸ್ ಬಂದಿದೆ ಸರ್" ಗಾಳಿಮಾತು.

ಅಂಚೆಪೆಟ್ಟಿಗೆ
ದೌರ್ಬಲ್ಯ ಕೇಳಿದಾಗ ಶಕ್ತಿಯನ್ನೇ ತಿರುಗಿಸಿ ಹೇಳಬೇಕು ಅಂತಾರಲ್ಲ, "ನಾನು ಅತಿ ಪರ್ಫೆಕ್ಷನಿಸ್ಟ್" ಥರ. ಇದು ಕೆಲಸ ಮಾಡಲ್ವಾ?

ಚೆಸ್ಟ್ ನಂಬರ್ 14
ಮಾಡಲ್ಲ. ಯಾಕೆ ಅಂದರೆ ಸೈಕಾಲಜಿಸ್ಟ್ ಮುಂದೆ ನೀವು ಸೆಲ್ಫ್ ಡಿಸ್ಕ್ರಿಪ್ಷನ್ ಬರೆದಿರ್ತೀರಿ. 15 ನಿಮಿಷ, ಅದರಲ್ಲಿ ತಂದೆ ತಾಯಿ, ಟೀಚರ್, ಗೆಳೆಯರು ನಿಮ್ಮ ಬಗ್ಗೆ ಏನಂತಾರೆ, ನಿಮಗೆ ನೀವೇ ಏನನ್ನಿಸ್ತೀರಿ, ಮುಂದೆ ಹೇಗಾಗಬೇಕು ಅಂತಿದೀರಿ. ಅದಕ್ಕೂ ಮೊದಲು 12 ಟಿಎಟಿ ಕಥೆ (ಚಿತ್ರ ನೋಡಿ ಬರೆಯೋದು, ಕೊನೆಯದು ಖಾಲಿ ಸ್ಲೈಡ್), 60 ಪದ ನೋಡಿ ತಕ್ಷಣ ಹೊಳೆದದ್ದು ಬರೆಯೋಕೆ ತಲಾ 15 ಸೆಕೆಂಡ್, 30 ನಿಮಿಷಕ್ಕೆ 60 ಸಂದರ್ಭಗಳಿಗೆ ಏನು ಮಾಡ್ತೀರಿ ಅಂತ ಬರೆಯೋದು. ಅಷ್ಟೊಂದು ಬರೆಸಿದ ಮೇಲೆ ಮನುಷ್ಯ ಹೇಗಿದಾನೆ ಅಂತ ಗೊತ್ತಾಗೇ ಗೊತ್ತಾಗುತ್ತೆ. ಮನಸಾ, ವಾಚಾ, ಕರ್ಮಣಾ ಅಂತ ಹೇಳೋದು ಇದಕ್ಕೇ: ಸೈಕಾಲಜಿಸ್ಟ್, ಐಓ, ಜಿಟಿಓ (ಗುಂಪು ಕೆಲಸಗಳನ್ನ ನಡೆಸೋ ಅಧಿಕಾರಿ) ಮೂವರೂ ಬೇರೆಬೇರೆಯಾಗಿ ನೋಡಿ ಕಾನ್ಫರೆನ್ಸ್‌ನಲ್ಲಿ ಒಟ್ಟಿಗೆ ಕೂರ್ತಾರೆ. ಮೂರು ಕಡೆ ಮೂರು ಮುಖ ತೋರಿಸಿದರೆ ಅಲ್ಲಿ ಬಯಲಾಗುತ್ತೆ.

ನಿಜವಾದ, ಆದರೆ ತಿದ್ದಿಕೊಳ್ಳೋಕೆ ಆಗುವಂಥ ದೌರ್ಬಲ್ಯ ಹೇಳಿ. "ಕೆಲಸ ಬೇರೆಯವರಿಗೆ ಒಪ್ಪಿಸೋಕೆ ಹಿಂಜರಿತೀನಿ, ಕಾಲೇಜ್ ಫೆಸ್ಟ್‌ನಲ್ಲಿ ಊಟದ ಕೂಪನ್ ಲೆಕ್ಕ ನಾನೇ ಹಿಡಿದುಕೊಂಡು ಕೂತು ಅರ್ಧ ಗಂಟೆ ಕ್ಯೂ ನಿಂತಿತ್ತು, ಈಗ ಮೊದಲೇ ಹೆಸರು ಬರೆದು ಕೆಲಸ ಹಂಚ್ತೀನಿ" ಅನ್ನೋ ಮಾತಿನಲ್ಲಿ ಮನುಷ್ಯ ಕಾಣ್ತಾನೆ.

ಬೆಳಗಿನಓಟ
ಹೆಣ್ಣುಮಕ್ಕಳಿಗೆ ಬರುವ ಪ್ರಶ್ನೆಗಳ ಬಗ್ಗೆ ಯಾರಾದರೂ ಬರೀತೀರಾ? ತಂಗಿಗೂ ಇದೇ ತಿಂಗಳು ಕರೆ ಬಂದಿದೆ.

ಗುಡ್ಡದಹಾದಿ
ಮೇಡಂ, ಎರಡು ಮೂರು ಪ್ರಶ್ನೆ ಬಂದೇ ಬರುತ್ತವೆ. "ಮದುವೆ ಆದಮೇಲೆ ಗಂಡನ ಮನೆಯವರು ಬಿಡು ಅಂದರೆ?" "100 ಜವಾನರು ನಿಮ್ಮ ಮಾತು ಕೇಳುತ್ತಾರೆ ಅಂತ ಹೇಗೆ ನಂಬುತ್ತೀರಿ?" "ಇನ್‌ಫೆಂಟ್ರಿಗೆ ಯಾಕೆ ಬಿಡಬಾರದು ಅಥವಾ ಬಿಡಬೇಕು?" ಇಲ್ಲಿ ಸಿಟ್ಟಾಗುವುದೂ ಭಾಷಣ ಮಾಡುವುದೂ ಎರಡೂ ತಪ್ಪು. ಐಓ ನೋಡುವುದು ಒತ್ತಡದಲ್ಲಿ ನಿಮ್ಮ ಮಾತಿನ ಹದ ಕೆಡುತ್ತದೆಯೋ ಇಲ್ಲವೋ ಎಂದು.

ವಿಷಯ ಗಟ್ಟಿ ಇರಬೇಕು. ಸೇನೆಯಲ್ಲಿ ಮಹಿಳಾ ಅಧಿಕಾರಿಗಳಿಗೆ ಪರ್ಮನೆಂಟ್ ಕಮಿಷನ್ (ಕಾಯಂ ಸೇವೆ) ಕೊಡುವ ತೀರ್ಪು ಸುಪ್ರೀಂ ಕೋರ್ಟಿನಿಂದ 2020ರ ಫೆಬ್ರುವರಿ 17ರಂದು ಬಂತು. ಎನ್‌ಡಿಎಗೆ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಹೆಣ್ಣುಮಕ್ಕಳು ಪ್ರವೇಶ ಪಡೆದದ್ದು 2022ರಲ್ಲಿ, ಮೊದಲ ತಂಡದ 17 ಮಂದಿ ಹೊರಬಂದದ್ದು 2025ರ ಮೇ 30ರಂದು. ಆರ್ಟಿಲರಿಗೆ ಮೊದಲ ಐವರು ಮಹಿಳಾ ಅಧಿಕಾರಿಗಳು ಸೇರಿದ್ದು 2023ರ ಏಪ್ರಿಲ್‌ನಲ್ಲಿ. ಇವು ಬಾಯಲ್ಲಿದ್ದರೆ ಅಭಿಪ್ರಾಯಕ್ಕೆ ನೆಲೆ ಸಿಗುತ್ತದೆ.

ಮದುವೆ ಪ್ರಶ್ನೆಗೆ "ಮದುವೆಯೇ ಆಗುವುದಿಲ್ಲ" ಎನ್ನುವುದು ಅಪ್ರಾಮಾಣಿಕ ಅನ್ನಿಸಬಹುದು. ಓಟಿಎ ತರಬೇತಿ 49 ವಾರ, ಆ ಅವಧಿಯಲ್ಲಿ ಮದುವೆ ಆಗುವಂತಿಲ್ಲ. ಓಟಿಎಯಿಂದ ಸಿಗುವ ಶಾರ್ಟ್ ಸರ್ವೀಸ್ (ನಿಗದಿತ ಅವಧಿಯ ಸೇವೆ) 10 ವರ್ಷ, ಬೇಕಾದರೆ ಇನ್ನೂ 4. ಈ ವಿಷಯ ಮನೆಯಲ್ಲಿ ಆಗಲೇ ಮಾತಾಡಿಯಾಗಿದೆಯೇ, ಅಪ್ಪ ಅಮ್ಮ ಏನಂದರು ಎಂದು ನಿಜವಾಗಿ ಹೇಳಿದರೆ ಉತ್ತರ ಗಟ್ಟಿಯಾಗುತ್ತದೆ. ತಂಗಿ ಇನ್ನೂ ಮಾತಾಡಿಲ್ಲದಿದ್ದರೆ ಈಗ ಮಾತಾಡಲಿ.

ಹೊಸಹೆಜ್ಜೆ
ಮಂಡ್ಯ ಅಂದ ತಕ್ಷಣ ಕಾವೇರಿ ಕೇಳ್ತಾರೆ ಅಂತ ಕೇಳಿದೀನಿ. ಅದಕ್ಕೆ ಏನು ನಿಲುವು ತಗೋಬೇಕು?

ಮೂರನೇಸಾಲು
ಖಂಡಿತ ಕೇಳಬಹುದು, ಇದು ನಿಮಗೆ ಬರಬಹುದಾದ ಅತಿ ಕಷ್ಟದ ಪ್ರಶ್ನೆ. ಅಂಕಿ ಮೊದಲು. 2007ರ ನ್ಯಾಯಮಂಡಳಿ ಐತೀರ್ಪಿನಲ್ಲಿ ತಮಿಳುನಾಡಿಗೆ 419 ಟಿಎಂಸಿ, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7. ಸುಪ್ರೀಂ ಕೋರ್ಟ್ 2018ರ ಫೆಬ್ರುವರಿ 16ರಂದು ಕರ್ನಾಟಕಕ್ಕೆ 14.75 ಹೆಚ್ಚಿಸಿ 284.75 ಮಾಡಿತು, ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ತಮಿಳುನಾಡು ಗಡಿಯ ಬಿಳಿಗುಂಡ್ಲುವಿನಲ್ಲಿ ಬಿಡಬೇಕಾದ ನೀರು 192ರಿಂದ 177.25ಕ್ಕೆ ಇಳಿಯಿತು. ಕೆಆರ್‌ಎಸ್ ಪೂರ್ಣಮಟ್ಟ 124.80 ಅಡಿ. ಮಂಡ್ಯದ ಹುಡುಗನಿಗೆ ಇಷ್ಟು ಗೊತ್ತಿರದಿದ್ದರೆ ಅದೇ ದೊಡ್ಡ ಕೊರತೆ.

ಆಮೇಲೆ ಸಮಸ್ಯೆ ಎಲ್ಲಿದೆ ಹೇಳಿ: ಒಳ್ಳೆಯ ಮಳೆಯ ವರ್ಷ ಜಗಳವೇ ಇರುವುದಿಲ್ಲ, ಮಳೆ ಕೊರತೆಯ ವರ್ಷ ಕೊರತೆಯನ್ನು ಹಂಚಿಕೊಳ್ಳುವುದು ಹೇಗೆ ಎಂಬಲ್ಲಿ ಗಂಟು ಬೀಳುತ್ತದೆ. ಮೇಲಿನ ಕಡೆ ನೈಋತ್ಯ ಮುಂಗಾರು, ಕೆಳಗಿನ ಡೆಲ್ಟಾಕ್ಕೆ ಈಶಾನ್ಯ ಮಾರುತದ ಮಳೆಯೂ ಇದೆ. ಇಬ್ಬರ ಕಷ್ಟವನ್ನೂ ಹೇಳಿ ನಿಮ್ಮ ನಿಲುವು ಹೇಳಿ. ನಿಲುವೇ ಇಲ್ಲದ ಉತ್ತರ ಬೇಡ, "ಎರಡೂ ಕಡೆ ಸರಿ ಸರ್" ಎಂದು ತೇಲಿಸಬೇಡಿ.

ನಂತರ ತಿರುವು ಬರಬಹುದು: "ನಿಮ್ಮ ಪ್ಲಟೂನ್‌ನಲ್ಲಿ ಅರ್ಧ ಜನ ತಂಜಾವೂರು ಕಡೆಯವರು. ಊರಲ್ಲಿ ಗಲಾಟೆ ನಡೆಯುತ್ತಿದೆ, ಇಲ್ಲಿ ಬ್ಯಾರಕ್‌ನಲ್ಲಿ ಮಾತಿಗೆ ಮಾತು ಬೆಳೆದಿದೆ. ಏನು ಮಾಡುತ್ತೀರಿ?" ಇದನ್ನು ಕಲ್ಪನೆ ಎಂದು ತಳ್ಳಬೇಡಿ. ಬೆಂಗಳೂರಿನಲ್ಲೇ ಇರುವ ಮದ್ರಾಸ್ ಇಂಜಿನಿಯರ್ ಗ್ರೂಪ್‌ನಲ್ಲಿ ದಕ್ಷಿಣದ ಎಲ್ಲ ರಾಜ್ಯದವರೂ ಒಂದೇ ಅಡುಗೆಮನೆಯಲ್ಲಿ ಉಣ್ಣುತ್ತಾರೆ. ಉತ್ತರ ಕೆಲಸದ ರೂಪದಲ್ಲಿರಲಿ: ಮೊದಲು ಇಬ್ಬರನ್ನೂ ಬೇರೆ ಮಾಡಿ ಮಾತು ನಿಲ್ಲಿಸುತ್ತೇನೆ, ಇಬ್ಬರ ಮಾತೂ ಬೇರೆಬೇರೆಯಾಗಿ ಕೇಳುತ್ತೇನೆ, ಅನುಭವಿ ಜೆಸಿಓ (ಜೂನಿಯರ್ ಕಮಿಷನ್ಡ್ ಆಫೀಸರ್) ಜೊತೆ ಮಾತಾಡುತ್ತೇನೆ, ಯಾರ ಮನೆಯವರಾದರೂ ಗಲಾಟೆಯಲ್ಲಿ ಸಿಕ್ಕಿದ್ದರೆ ಫೋನ್ ಮಾಡಲು ಅನುಕೂಲ ಮಾಡುತ್ತೇನೆ, ನನ್ನ ಊರು ಮಂಡ್ಯ ಎಂಬುದು ಅವರಿಗೂ ಗೊತ್ತಿರುವುದರಿಂದ ನನ್ನ ನಡೆ ಇನ್ನೂ ಎಚ್ಚರದಿಂದಿರಬೇಕು. ಈ ಕೊನೆಯ ಮಾತು ನಿಮಗೆ ನಿಜವಾಗಿ ಅನ್ನಿಸಿದರೆ ಮಾತ್ರ ಹೇಳಿ.

ಅಂಚೆಪೆಟ್ಟಿಗೆ
"ಮೇಲಧಿಕಾರಿ ತಪ್ಪು ಆದೇಶ ಕೊಟ್ಟರೆ ಪಾಲಿಸ್ತೀರಾ" ಅನ್ನೋದಕ್ಕೆ? ಹೌದು ಅಂದರೂ ಕಷ್ಟ, ಇಲ್ಲ ಅಂದರೂ ಕಷ್ಟ.

ಗುಡ್ಡದಹಾದಿ
"ತಪ್ಪು" ಎಂಬ ಪದವನ್ನು ಬಿಡಿಸಿದರೆ ಕಷ್ಟ ಅರ್ಧ ಇಳಿಯುತ್ತದೆ. ನನಗೆ ಇಷ್ಟವಾಗದ ಆದೇಶ ಬೇರೆ, ನನಗೆ ಸರಿ ಕಾಣದ ಆದೇಶ ಬೇರೆ, ಕಾನೂನುಬಾಹಿರ ಆದೇಶ ಬೇರೆ. 1950ರ ಸೇನಾ ಕಾಯ್ದೆಯ 41ನೇ ಸೆಕ್ಷನ್ ಶಿಕ್ಷೆ ವಿಧಿಸುವುದು ಕಾನೂನುಬದ್ಧ ಆದೇಶವನ್ನು ಮೀರಿದ್ದಕ್ಕೆ. ಹಾಗಾಗಿ: ಇಷ್ಟವಿಲ್ಲದ್ದನ್ನು ಮಾಡುತ್ತೇನೆ. ಯೋಜನೆಯಲ್ಲಿ ದೋಷ ಕಂಡರೆ ಸಮಯ ಇದ್ದಾಗ ಕಾರಣ ಸಮೇತ ಹೇಳುತ್ತೇನೆ, ನಿರ್ಧಾರ ಆದಮೇಲೆ ಪೂರ್ತಿ ಮನಸ್ಸಿನಿಂದ ಮಾಡುತ್ತೇನೆ. ಕಾನೂನುಬಾಹಿರವಾದರೆ, ಉದಾಹರಣೆಗೆ ನಿರಾಯುಧ ಕೈದಿಯನ್ನು ಕೊಲ್ಲಲು ಹೇಳಿದರೆ, ಮಾಡುವುದಿಲ್ಲ ಎಂದು ಅವರಿಗೇ ಹೇಳಿ ಮೇಲಿನವರಿಗೆ ವರದಿ ಮಾಡುತ್ತೇನೆ. ಕಾಯ್ದೆಯ ಸೆಕ್ಷನ್ ನಂಬರ್ ನೀವಾಗಿ ಉದುರಿಸುವ ಅಗತ್ಯವಿಲ್ಲ, ಕೇಳಿದರೆ ಗೊತ್ತಿರಲಿ.

ಅಗ್ನಿಪಥ್ ಬಗ್ಗೆ ಅಭಿಪ್ರಾಯ ಕೇಳಿದರೂ ಹೀಗೆಯೇ ಬಿಡಿಸಿ. 2022ರ ಜೂನ್ 14ರಂದು ಘೋಷಣೆಯಾಯಿತು, 4 ವರ್ಷದ ಸೇವೆ, ಗರಿಷ್ಠ 25% ಮಂದಿಗೆ ಮುಂದುವರಿಕೆ. ವಯಸ್ಸಿನ ಸರಾಸರಿ ಇಳಿಯುತ್ತದೆ ಎಂಬುದು ಒಂದು ಮಗ್ಗುಲು. ತಾಂತ್ರಿಕ ಕೆಲಸದಲ್ಲಿ ಅನುಭವ ಕಟ್ಟಿಕೊಳ್ಳುವ ಹೊತ್ತಿಗೆ ಹೊರಹೋಗುತ್ತಾರೆ ಎಂಬುದು ಇನ್ನೊಂದು. ಅಭ್ಯರ್ಥಿ ಸರಕಾರದ ವಕೀಲನೂ ಆಗಬೇಕಿಲ್ಲ, ಪ್ರತಿಭಟನಾಕಾರನೂ ಆಗಬೇಕಿಲ್ಲ. ನಾಳೆ ತನ್ನ ಕೈಕೆಳಗೆ ಬರುವ ಅಗ್ನಿವೀರನನ್ನು 4 ವರ್ಷದಲ್ಲಿ ಹೇಗೆ ತಯಾರು ಮಾಡುತ್ತೇನೆ ಎಂಬ ಕಡೆಯಿಂದ ಮಾತಾಡಿದರೆ ಅದು ಅಧಿಕಾರಿಯಾಗುವವನ ಮಾತು.

ಬೆಳಗಿನಓಟ
ಭಾಷೆ ಬಗ್ಗೆ ಯಾರೂ ಹೇಳಲಿಲ್ಲ. ಸಂದರ್ಶನ ಇಂಗ್ಲಿಷ್‌ನಲ್ಲಿ ನಡೆಯುತ್ತೆ, ನಡುವೆ ಒಂದೆರಡು ಹಿಂದಿ ಪದ ಬಂದರೆ ಆಕಾಶ ಬೀಳಲ್ಲ. ಕನ್ನಡದಲ್ಲಿ ಯೋಚಿಸಿ ಒಳಗೊಳಗೇ ಅನುವಾದ ಮಾಡೋದರಿಂದ ವಾಕ್ಯ ಉದ್ದ ಆಗುತ್ತೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ, ಇಂಗ್ಲಿಷ್‌ನಲ್ಲಿ ಮೊದಲೇ ಬೇಕು, ಅಲ್ಲೇ ಬಾಯಿ ಕಟ್ಟೋದು. ಚಿಕ್ಕ ವಾಕ್ಯ ಮಾಡಿ, ಹತ್ತು ಪದ ದಾಟಬೇಡಿ. ನಿಮ್ಮ ಮನೆಯ ಹೊಲ, ಅಮ್ಮನ ದಿನಚರಿ, ಊರಿನ ಕೆರೆ, ಇವುಗಳ ಬಗ್ಗೆ ದಿನಾ ಹತ್ತು ನಿಮಿಷ ಇಂಗ್ಲಿಷ್‌ನಲ್ಲಿ ಗಟ್ಟಿಯಾಗಿ ಮಾತಾಡಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಪತ್ರಿಕೆ ಸಂಪಾದಕೀಯ ಓದಿ ಕಲಿತ ದೊಡ್ಡ ಪದಗಳಿಗಿಂತ ರಾಗಿ, ನಾಲೆ, ಬದು, ಕಟಾವು ಇವಕ್ಕೆ ಇಂಗ್ಲಿಷ್ ಪದ ಗೊತ್ತಿರೋದು ಈ ಕೋಣೆಯಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತೆ. ರೆಕಾರ್ಡ್ ಕೇಳಿದಾಗ "ಬೇಸಿಕಲಿ", "ಆಕ್ಚುಯಲಿ" ಎಷ್ಟು ಸಲ ಬಂತು ಎಣಿಸಿ.

ಅಂಚೆಪೆಟ್ಟಿಗೆ
ಮಾಕ್ ಇಂಟರ್‌ವ್ಯೂ ಕನಿಷ್ಠ ಇಪ್ಪತ್ತಾದರೂ ಕೊಡಬೇಕು ಅನ್ನೋದು ನನ್ನ ಅಭಿಪ್ರಾಯ. ಎಷ್ಟು ಹೆಚ್ಚೋ ಅಷ್ಟು ಭಯ ಕಡಿಮೆ.

ಮೂರನೇಸಾಲು
ಇದನ್ನು ನಾನು ಒಪ್ಪುವುದಿಲ್ಲ. ನಾಲ್ಕು ಸಾಕು. ಆರೇಳು ದಾಟಿದ ಮೇಲೆ ಉತ್ತರ ಗಟ್ಟಿಪಾಠ ಆಗಿ ದನಿ ಸಪಾಟಾಗುತ್ತದೆ. ಕಷ್ಟದ ಪ್ರಶ್ನೆಗೆ ಅರೆಕ್ಷಣ ಯೋಚಿಸದೆ ನೀರು ಹರಿದಂತೆ ಉತ್ತರ ಬಂದರೆ ಐಓಗೆ ಅದು ಕಲಿಸಿದ್ದು ಎಂದು ತಿಳಿಯುತ್ತದೆ, ಆಗ ಅವರು ಅದೇ ಪ್ರಶ್ನೆಯನ್ನು ಬೇರೆ ಬಾಗಿಲಿನಿಂದ ತರುತ್ತಾರೆ. ನಾಲ್ಕರಲ್ಲಿ ಎರಡು ನಿಮ್ಮನ್ನು ಚೆನ್ನಾಗಿ ಬಲ್ಲವರ ಜೊತೆ ಆಗಲಿ, ಸುಳ್ಳು ಅಲ್ಲೇ ಸಿಕ್ಕಿಬೀಳುತ್ತದೆ. ಇನ್ನೆರಡು ಪರಿಚಯ ಇಲ್ಲದವರ ಜೊತೆ. ಪ್ರತಿ ಸಲ 45 ನಿಮಿಷ, ಮಧ್ಯೆ ನಿಲ್ಲಿಸುವಂತಿಲ್ಲ. ಉತ್ತರದ ಬದಲು ವಿಷಯದ ಚುಕ್ಕೆಗಳನ್ನು ಮಾತ್ರ ನೋಟ್‌ಬುಕ್‌ನಲ್ಲಿ ಇಡಿ, ವಾಕ್ಯ ಬರೆಯಬೇಡಿ.

ಅಂಚೆಪೆಟ್ಟಿಗೆ
ನಾಚಿಕೆ ಸ್ವಭಾವದವರಿಗೆ ನಾಲ್ಕು ಸಾಲಲ್ಲ ಸರ್. ಅವರಿಗೆ ಕೋಣೆಗೆ ಕಾಲಿಡೋದೇ ದೊಡ್ಡ ಕೆಲಸ.

ಮೂರನೇಸಾಲು
ಆ ಮಾತು ನಿಜ. ಅಂಥವರು ಪ್ರತಿ ಸಲ ಬೇರೆ ವ್ಯಕ್ತಿ, ಬೇರೆ ಪ್ರಶ್ನೆ ಇಟ್ಟುಕೊಂಡು ಎಂಟರವರೆಗೆ ಹೋಗಬಹುದು. ಅದೇ ಪ್ರಶ್ನೆಯ ಅದೇ ಉತ್ತರ ಎಂಟು ಸಲ ಬೇಡ.

ಚೆಸ್ಟ್ ನಂಬರ್ 14
ಜಿಕೆ ಬಗ್ಗೆ ಚಿಕ್ಕದಾಗಿ. ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ ಸರ್, ತಿಳಿದುಕೊಳ್ತೀನಿ", ಅಷ್ಟೇ. ಊಹೆ ಮಾಡೋದಾದರೆ ಊಹೆ ಅಂತ ಹೇಳಿ. ಆದರೆ ಒಂದರ ಹಿಂದೆ ಒಂದು ಆರು ಪ್ರಶ್ನೆಗೆ ಗೊತ್ತಿಲ್ಲ ಅಂದರೆ ಅದು ಪ್ರಾಮಾಣಿಕತೆ ಅನ್ನಿಸಲ್ಲ, ತಯಾರಿ ಇಲ್ಲ ಅನ್ನಿಸುತ್ತೆ. ನಮ್ಮ ರಾಜ್ಯದವರಿಗೆ ಕಾರ್ಯಪ್ಪನವರ ಪ್ರಶ್ನೆ ಮಾಮೂಲು: 1949ರ ಜನವರಿ 15ಕ್ಕೆ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದರು, ಅದಕ್ಕೇ ಆ ದಿನ ಸೇನಾ ದಿನ. ಎರಡನೇ ಪದರಕ್ಕೆ ತಿಮ್ಮಯ್ಯನವರು ಬರ್ತಾರೆ: 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರು, ಕೊರಿಯಾದಲ್ಲಿ ಯುದ್ಧಕೈದಿಗಳ ವಾಪಸಾತಿ ಆಯೋಗದ ಅಧ್ಯಕ್ಷರು, 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆ ಪಡೆ ನಡೆಸ್ತಿರುವಾಗಲೇ ತೀರಿಕೊಂಡರು. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರ್, ಕಾರವಾರದಲ್ಲಿ ಐಎನ್‌ಎಸ್ ಕದಂಬ, ಬೆಂಗಳೂರಿನಲ್ಲಿ ವಾಯುಪಡೆಯ ಟ್ರೇನಿಂಗ್ ಕಮಾಂಡ್. ಪಿಐಕ್ಯೂನಲ್ಲಿ ಓಟ ಹವ್ಯಾಸ ಅಂತ ಬರೆದಿದ್ದರೆ 2.4 ಕಿಮೀ ನಿಮ್ಮ ಸಮಯ ಎಷ್ಟು ಅನ್ನೋದು ಸೆಕೆಂಡ್ ಸಮೇತ ಬಾಯಲ್ಲಿರಲಿ.

ಹೊಸಹೆಜ್ಜೆ
ಕೊನೆಯ ದಿನ ಕಾನ್ಫರೆನ್ಸ್‌ನಲ್ಲೂ ಕಷ್ಟದ ಪ್ರಶ್ನೆ ಬರುತ್ತಾ? ಹೋದ ಸಲ ಒಂದು ನಿಮಿಷದಲ್ಲಿ ಹೊರಗೆ ಕಳಿಸಿದರು.

ಗುಡ್ಡದಹಾದಿ
ಅಲ್ಲಿ ಎಲ್ಲ ಅಸೆಸರ್‌ಗಳೂ ಒಟ್ಟಿಗೆ ಕೂತಿರುತ್ತಾರೆ, ಯೂನಿಫಾರ್ಮ್‌ನಲ್ಲಿ. ಹೆಚ್ಚಿನವರಿಗೆ "ಇಲ್ಲಿ ಇದ್ದದ್ದು ಹೇಗಿತ್ತು, ಊಟ ಹೇಗಿತ್ತು, ಏನಾದರೂ ಸಲಹೆ ಇದೆಯಾ" ಎಂದು ಕೇಳಿ ಕಳಿಸುತ್ತಾರೆ. ಒಳಗೆ ಎಷ್ಟು ಹೊತ್ತು ಇದ್ದಿರಿ ಎಂಬುದರಿಂದ ಫಲಿತಾಂಶ ಊಹಿಸಬೇಡಿ. ಕೆಲವರಿಗೆ ಮಾತ್ರ ಅನುಮಾನ ಇರುವ ಜಾಗದಲ್ಲಿ ಒಂದೆರಡು ಸಂದರ್ಭ ಕೊಟ್ಟು ಏನು ಮಾಡುತ್ತೀರಿ ಎನ್ನುತ್ತಾರೆ. ಅದು ಬಂದರೆ ಕೊನೆಯ ಅವಕಾಶ ಎಂದು ಹೆದರದೆ ಎರಡು ಸೆಕೆಂಡ್ ತೆಗೆದುಕೊಂಡು, ಮೊದಲ ಹೆಜ್ಜೆ ಯಾವುದು ಎಂಬಲ್ಲಿಂದ ಶುರು ಮಾಡಿ. ಸಲಹೆ ಕೇಳಿದಾಗ ನಿಜವಾಗಿ ಕಂಡದ್ದು ಇದ್ದರೆ ಹೇಳಿ, ಇಲ್ಲದಿದ್ದರೆ ಇಲ್ಲ ಅನ್ನಿ.

ಹೊಸಹೆಜ್ಜೆ
ಎಲ್ಲರಿಗೂ ಧನ್ಯವಾದ. ಬ್ಯಾಕ್‌ಲಾಗ್ ಉತ್ತರ ಹೀಗೆ ಬರೆದಿದೀನಿ, ನೋಡಿ: "ಮೂರನೇ ಸೆಮಿಸ್ಟರ್ ಮ್ಯಾಥ್ಸ್‌ನಲ್ಲಿ 100ಕ್ಕೆ 27 ಬಂತು ಸರ್. ಮೊದಲ ಎರಡು ತಿಂಗಳು ಕ್ಲಾಸಿಗೆ ಸರಿಯಾಗಿ ಹೋಗಲಿಲ್ಲ, ಹಾಸ್ಟೆಲ್‌ನಲ್ಲಿ ವಾಲಿಬಾಲ್ ಟೀಮಿನ ಓಡಾಟದಲ್ಲಿದ್ದೆ. ಆಮೇಲೆ ಬೆಳಗ್ಗೆ ಐದರಿಂದ ಆರೂವರೆ ಲೆಕ್ಕ ಬಿಡಿಸಿದೆ, ಮರುಪರೀಕ್ಷೆಯಲ್ಲಿ 58. ಇದರಿಂದ ಟೈಮ್ ಮ್ಯಾನೇಜ್‌ಮೆಂಟ್ ಎಷ್ಟು ಮುಖ್ಯ ಅಂತ ಕಲಿತೆ."

ಮೂರನೇಸಾಲು
ಮೂರು ವಾಕ್ಯ ಚೆನ್ನಾಗಿವೆ, ನಾಲ್ಕನೆಯದನ್ನು ತೆಗೆಯಿರಿ. ಐದರಿಂದ ಆರೂವರೆ ಎಂದಾಗಲೇ ಅವರಿಗೆ ಅರ್ಥ ಆಗಿದೆ. ವಾಲಿಬಾಲ್ ಪಿಐಕ್ಯೂನ ಆಟದ ಕಲಂನಲ್ಲಿ ಇದೆಯಾ? ಇಲ್ಲದಿದ್ದರೆ ಸೇರಿಸಿ. ಎಷ್ಟು ಅಡಿ ನೆಟ್, ಯಾವ ಪೊಸಿಷನ್, ಎಷ್ಟು ಮ್ಯಾಚ್ ಎಂಬುದು ಅಲ್ಲಿಂದಲೇ ಶುರುವಾಗುತ್ತದೆ. ಟೀಮಿನ ಓಡಾಟ ಎಂದರೆ ಏನೇನು ಕೆಲಸ ನಿಮ್ಮ ತಲೆ ಮೇಲಿತ್ತು ಎಂಬುದನ್ನೂ ಇವತ್ತೇ ಬರೆದಿಡಿ.